ದಾಳ ಹಾಕಿ ಹೆಣ್ಣು ನೋಡಿದವರು

ನನ್ನನ್ನು ನೋಡಲು ಬಂದವರಲ್ಲಿ ಒಬ್ಬರು ಹಾಡಿಸಿದರು, ಇನ್ನೊಬ್ಬರು ಬಾಗಿಲಿನಿಂದ ಕಿಟಕಿಯವರೆಗೆ ನಡೆಸಿ ನೋಡಿದರು, ಮತ್ತೊಬ್ಬರ ಮನೆಯ ಹೆಂಗಸು ನನ್ನ ಜಡೆ ಜಗ್ಗಿ ಅದು ಸ್ವಂತದ್ದೋ ಚೌರಿಯೋ ಎಂದು ಖಾತ್ರಿ ಮಾಡಿಕೊಂಡಳು. ಬದನೆಕಾಯಿ ಕೊಳ್ಳುವವರೂ ಅಷ್ಟು ಒತ್ತಿ ನೋಡುವುದಿಲ್ಲ. ಹಾಗಾಗಿ ಬ್ರೋಕರ್ ಕೃಷ್ಣಪ್ಪ ಬಂದು, ವಿಜಯನಗರದ ರೇವಣಸಿದ್ದಪ್ಪನವರು ತಮ್ಮ ಮಗನಿಗೆ ದಾಳ ಹಾಕಿ ಹೆಣ್ಣು ನೋಡುತ್ತಾರೆ ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಗು ಬಂತು, ಅಷ್ಟೇ. ಅಮ್ಮ ಕಣ್ಣು ಬಿಟ್ಟಳು, ನಗು ನುಂಗಿಕೊಂಡೆ.

"ಮಾಡರ್ನ್ ಜನ ಸಾರ್ ಅವರು" ಎಂದು ಕೃಷ್ಣಪ್ಪ ಅಪ್ಪನಿಗೆ ವಿವರಿಸಿದ. "ಹಾಡು ಗೀಡು ಕೇಳಲ್ಲ. ಅವರ ಅಳಿಯ ಲಂಡನ್ನಿಂದ ಒಂದು ಆಟ ತಂದ್ಕೊಟ್ಟಿದ್ದಾರಂತೆ. ಕೋಟೆ, ನಿಧಿ, ಬೆಂಕಿ ಉಗುಳೋ ಡ್ರ್ಯಾಗನ್ನು, ಏನೇನೋ ಇದೆ. ಎರಡೂ ಮನೆಯೋರು ಕೂತ್ಕೊಂಡು ಆಡಬೇಕು. ಮನುಷ್ಯನ ಗುಣ ಆಟದಲ್ಲಿ ಗೊತ್ತಾಗುತ್ತೆ ಅನ್ನೋದು ಅವರ ಸಿದ್ಧಾಂತ."

"ಇದಕ್ಕೆ ಮುಂಚೆ ಯಾರ್ಯಾರು ಆಡಿದ್ರು?" ಎಂದು ಅಮ್ಮ ಕೇಳಿದಳು. ಅಮ್ಮ ಯಾವಾಗಲೂ ಹಳೆಯ ಪ್ರಶ್ನೆಪತ್ರಿಕೆ ನೋಡಿಯೇ ಪರೀಕ್ಷೆಗೆ ಕೂರಿಸುವವಳು.

ಕೃಷ್ಣಪ್ಪ ದನಿ ತಗ್ಗಿಸಿದ. ಬಸವೇಶ್ವರನಗರದ ಹುಡುಗಿ ಗೆದ್ದುಬಿಟ್ಟಳಂತೆ. ದುರಾಸೆಯವಳು, ಮನೆ ಒಡೆಯುತ್ತಾಳೆ ಎಂದು ಬಿಟ್ಟರು. ತುಮಕೂರಿನ ಹುಡುಗಿ ಬೇಗ ಸೋತಳು, ಮಂಕು ಎಂದರು. ಮೂರನೆಯವಳು ರೂಲ್ಸ್ ಪುಸ್ತಕವನ್ನು ತಾನೂ ಒಮ್ಮೆ ಓದುತ್ತೇನೆ ಎಂದಳಂತೆ. ಅವಳ ಮನೆಯಲ್ಲಿ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಬಂದರಂತೆ.

ಅಲ್ಲಿಗೆ ನನಗೆ ಬಂದ ಉಪದೇಶ ಇಷ್ಟು: ಗೆಲ್ಲಬೇಡ, ಬೇಗ ಸೋಲಬೇಡ, ಏನೂ ಕೇಳಬೇಡ.

ಬೇರೆ ಸಂಬಂಧವಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಆದರೆ ಈ ಹುಡುಗನನ್ನು ನಾನು ಆಗಲೇ ನೋಡಿದ್ದೆ. ಜಗನ್ನಾಥ ಅಂತ ಹೆಸರು, ಬ್ಯಾಂಕಿನಲ್ಲಿ ಕೆಲಸ. ನನ್ನ ಚಿಕ್ಕಪ್ಪನ ಮಗಳ ಮದುವೆಯ ಊಟದಲ್ಲಿ ಪಾಯಸದ ಬಕೀಟು ಹಿಡಿದುಕೊಂಡು ಪಂಕ್ತಿಯಲ್ಲಿ ಓಡಾಡುತ್ತಿದ್ದ. ನಾನು ಬೇಡ ಎಂದು ಕೈ ಅಡ್ಡ ಹಿಡಿದರೆ, ಬೆರಳಿನ ಸಂದಿಯಲ್ಲೇ ಒಂದು ಸೌಟು ಬಿಟ್ಟು, "ಬೇಡ ಅನ್ನೋರಿಗೇ ಜಾಸ್ತಿ ಬೇಕಿರುತ್ತೆ" ಎಂದು ನಕ್ಕು ಮುಂದೆ ಹೋದ. ಅಷ್ಟಕ್ಕೇ ನಾನು ಬಿದ್ದುಹೋದೆ. ಆ ವಯಸ್ಸೇ ಹಾಗೆ, ಒಂದು ಸೌಟು ಪಾಯಸ ಸಾಕು. ಅವನೇ ಬರುತ್ತಿದ್ದಾನೆ ಎಂದು ತಿಳಿದ ಮೇಲೆ ಹಿಂದಿನ ರಾತ್ರಿ ಮಲಗಿದಾಗ ದೇವರಿಗೆ ಹೇಳಿಕೊಂಡೆ: ಡ್ರ್ಯಾಗನ್ನಾದರೂ ಸರಿ, ಹುಲಿಯಾದರೂ ಸರಿ, ಈ ಸಂಬಂಧ ಕೂಡಿ ಬರಲಪ್ಪಾ.

ಭಾನುವಾರ ಮಧ್ಯಾಹ್ನ ರಾಜಾಜಿನಗರದ ನಮ್ಮ ಮನೆಯ ಮುಂದೆ ಅವರ ಫಿಯಟ್ ಕಾರು ನಿಂತಿತು. ಮೊದಲು ಇಳಿದವರು ರೇವಣಸಿದ್ದಪ್ಪನವರು. ನಿವೃತ್ತ ಇಂಜಿನಿಯರು, ಸಫಾರಿ ಸೂಟು, ಕಂಕುಳಲ್ಲಿ ಆಟದ ಡಬ್ಬ. ಅವರ ಹಿಂದೆ ಹೆಂಡತಿ ಕಮಲಾಕ್ಷಮ್ಮ. ಅವರ ಹಿಂದೆ ಜಗನ್ನಾಥ. ಕೊನೆಯಲ್ಲಿ ಕೃಷ್ಣಪ್ಪ, ಎರಡೂ ಕಡೆಯವರಿಗೆ ಒಟ್ಟಿಗೆ ಹಲ್ಲು ಕಿರಿಯುತ್ತಾ.

ನನ್ನ ಅಪ್ಪ ಗಂಗಾಧರಯ್ಯನವರು ಗೇಟಿನಲ್ಲೇ ಅರ್ಧ ಬಗ್ಗಿದ್ದರು. ಅಪ್ಪ ಒಳ್ಳೆಯವರು, ಅದೇ ತೊಂದರೆ. ಮನೆಗೆ ಬಂದ ಅಗರಬತ್ತಿ ಮಾರುವವನನ್ನೂ ಬರಿಗೈಲಿ ಕಳಿಸದ ಮನುಷ್ಯ. ಇನ್ನು ಗಂಡಿನ ಕಡೆಯವರು ಅಂದರೆ ಕೇಳಬೇಕೇ! ಕಾರಿನ ಬಾಗಿಲನ್ನು ಎರಡು ಸಲ ಹಾಕಿ ಕೊಟ್ಟರು.

ಕೇಸರಿಬಾತು, ಉಪ್ಪಿಟ್ಟು ಆದ ಮೇಲೆ ರೇವಣಸಿದ್ದಪ್ಪನವರು ಕೈ ಒರೆಸಿಕೊಂಡು ಡಬ್ಬ ತೆಗೆದರು. ಜಮಖಾನೆಯ ಮೇಲೆ ಹಲಗೆ ಬಿಚ್ಚಿಕೊಂಡಿತು. ಕಾಡು, ನದಿ, ಮುಳ್ಳಿನ ಬಯಲು, ಗುಹೆ, ಎಲ್ಲಕ್ಕಿಂತ ಮೇಲೆ ಒಂದು ಕೋಟೆ. ಕೋಟೆಯಲ್ಲಿ ನಿಧಿ. ಅದನ್ನು ಯಾರು ಮೊದಲು ಮುಟ್ಟುತ್ತಾರೋ ಅವರೇ ಗೆದ್ದಂತೆ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ನನಗೆ ಪುಟ್ಟ ಮಗುವಿನ ಹಾಗೆ ಅದನ್ನೆಲ್ಲ ಮುಟ್ಟಿ ನೋಡುವ ಆಸೆಯಾಯಿತು. ಮುಟ್ಟಲಿಲ್ಲ. ಹೆಣ್ಣು ತಾನಾಗಿ ಕೈಚಾಚಬಾರದು.

"ಇದು ಬರೀ ಆಟ ಅಲ್ಲ ಗಂಗಾಧರಯ್ಯನವರೇ, ಇದು ಜೀವನ" ಎಂದರು ರೇವಣಸಿದ್ದಪ್ಪನವರು.

"ಹೌದು ಸಾರ್, ಜೀವನ" ಎಂದರು ಅಪ್ಪ.

ಗೊಂಬೆಗಳನ್ನು ಹಂಚಿದರು. ರೇವಣಸಿದ್ದಪ್ಪನವರಿಗೆ ಉದ್ದ ಗಡ್ಡದ ಮಂತ್ರವಾದಿ. ಕಮಲಾಕ್ಷಮ್ಮನವರು ರಾಜಕುಮಾರಿಯನ್ನು ತಾವೇ ಎತ್ತಿಕೊಂಡರು. ಹುಡುಗನಿಗೆ ಕುದುರೆ ಸವಾರ. ಹೆಣ್ಣಿನ ತಂದೆಗೆ ಕುಳ್ಳ. ಉಳಿದದ್ದು ಮುಸುಕು ಹಾಕಿಕೊಂಡ ಒಬ್ಬ ಕಳ್ಳ, ಅವನು ನನ್ನ ಪಾಲಿಗೆ ಬಂದ. ಹೆಣ್ಣು ನೋಡಲು ಬಂದವರು ಹುಡುಗಿಯ ಕೈಗೆ ಕಳ್ಳನನ್ನು ಕೊಟ್ಟು ಗುಣಪರೀಕ್ಷೆಗೆ ಕೂತರು!

ಮೂಲೆಯಲ್ಲಿ ನನ್ನ ಅಜ್ಜಿ ಬಸವ್ವ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದಳು. ಅಪ್ಪನ ತಾಯಿ. ಹುಬ್ಬಳ್ಳಿ ಬಿಟ್ಟು ಮೂವತ್ತು ವರ್ಷವಾದರೂ ಅವಳ ಮಾತಿಗೆ ಬೆಂಗಳೂರಿನ ಗಾಳಿ ಸೋಕಿರಲಿಲ್ಲ.

"ಆ ರೆಕ್ಕಿ ಹಾವು ಯಾರದ್ರಿ?" ಎಂದಳು.

"ಅದು ಡ್ರ್ಯಾಗನ್ ಅಜ್ಜಿ. ಯಾರದೂ ಅಲ್ಲ. ಎಲ್ಲರಿಗೂ ಶತ್ರು" ಎಂದರು ರೇವಣಸಿದ್ದಪ್ಪನವರು.

"ಹಂಗಾದ್ರ ನನಗ ಕೊಡ್ರಿ. ಈ ಮನ್ಯಾಗ ನಾ ಅದ ಅದೀನಿ."

ಜಗನ್ನಾಥ ಗೊಳ್ಳೆಂದು ನಕ್ಕು ಡ್ರ್ಯಾಗನ್ನನ್ನು ಅವಳ ಕೈಗೆ ಕೊಟ್ಟ. ನನಗೆ ಅವನು ಇನ್ನೂ ಹೆಚ್ಚು ಇಷ್ಟವಾದ.

"ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಮೊದಲನೇ ದಾಳ ಬಿಡಿ" ಎಂದರು ಕಮಲಾಕ್ಷಮ್ಮ. ಮಾಡರ್ನ್ ರೇವಣಸಿದ್ದಪ್ಪನವರು ಗಡಿಯಾರ ನೋಡಿ ಅವಸರದಿಂದ ದಾಳ ಬಿಟ್ಟರು.

ಆಟ ಶುರುವಾಯಿತು ಅನ್ನುವುದಕ್ಕಿಂತ ಬೀಗರ ಉಪಚಾರ ಶುರುವಾಯಿತು ಅನ್ನಬೇಕು. ಕಮಲಾಕ್ಷಮ್ಮನವರ ರಾಜಕುಮಾರಿ ಮುಳ್ಳಿನ ಬಯಲಿಗೆ ಬಿದ್ದಳು. ಅಲ್ಲಿ ಬಿದ್ದವರು ನದಿಯವರೆಗೆ ವಾಪಸು ಹೋಗಬೇಕು. "ಗಂಡಿನ ಕಡೆಯೋರು ಬಂದ ದಾರೀಲಿ ವಾಪಸ್ ಹೋಗೋದು ಶಕುನ ಅಲ್ಲ" ಎಂದು ಅವರು ಮುಖ ಸಣ್ಣ ಮಾಡಿದರು. ಅಪ್ಪ ಕೂಡಲೇ, "ನೀವ್ಯಾಕೆ ಹೋಗ್ತೀರಿ ತಾಯಿ, ನಾವಿದ್ದೀವಲ್ಲ" ಎಂದು ತಮ್ಮ ಕುಳ್ಳನನ್ನು ಎತ್ತಿ ನದಿಗೆ ಇಟ್ಟರು. ರೇವಣಸಿದ್ದಪ್ಪನವರು ರೂಲ್ಸ್ ಪುಸ್ತಕ ತಿರುವಿ, "ಹೀಗೆ ಮಾಡಬಾರದು ಅಂತ ಏನೂ ಬರೆದಿಲ್ಲ" ಎಂದು ಒಪ್ಪಿಗೆ ಕೊಟ್ಟರು.

ನಡುವೆ ಕಾರ್ಡುಗಳಿದ್ದವು. ಕೆಲವು ಮನೆಗಳಿಗೆ ಹೋದರೆ ಒಂದು ಕಾರ್ಡು ಎತ್ತಿಕೊಳ್ಳಬಹುದು. ಅಪ್ಪನಿಗೆ ಆ ದಿನ ಅದೃಷ್ಟ ಕಾಲು ಮುರಿದುಕೊಂಡು ಬಿದ್ದಿತ್ತು. ಮೊದಲು ಕತ್ತಿ ಬಂತು. ಡ್ರ್ಯಾಗನ್ ಎದುರಾದರೆ ಕತ್ತಿ ಇದ್ದವರು ಬಚಾವು. ಅಪ್ಪ ಕಾರ್ಡು ನೋಡಿದರು, ರೇವಣಸಿದ್ದಪ್ಪನವರ ಮುಖ ನೋಡಿದರು, ಒಳಗೆ ಅಮ್ಮನಿಗೆ ಸನ್ನೆ ಮಾಡಿದರು. ಅಮ್ಮ ಬೆಳ್ಳಿ ತಟ್ಟೆಯಲ್ಲಿ ಎಲೆ, ಅಡಿಕೆ, ಎರಡು ಬಾಳೆಹಣ್ಣು ಇಟ್ಟುಕೊಂಡು ಬಂದಳು. ಅದರ ಮೇಲೆ ಕತ್ತಿಯ ಕಾರ್ಡು ಇಟ್ಟು, ಅಪ್ಪ ಎರಡೂ ಕೈಯಲ್ಲಿ ತಟ್ಟೆ ಹಿಡಿದು ರೇವಣಸಿದ್ದಪ್ಪನವರಿಗೆ ಕೊಟ್ಟರು.

"ನಾವೇನೂ ಕೇಳಿಲ್ಲಪ್ಪಾ" ಎಂದರು ಅವರು, ಕಾರ್ಡು ಎತ್ತಿಕೊಳ್ಳುತ್ತಾ. "ನೀವಾಗೇ ಪ್ರೀತಿಯಿಂದ ಕೊಡ್ತಾ ಇದ್ದೀರಿ. ಕೃಷ್ಣಪ್ಪ, ನೀನೇ ಸಾಕ್ಷಿ."

"ಕೇಳೋ ಜನ ಅಲ್ಲ ಸಾರ್ ಅವರು" ಎಂದ ಕೃಷ್ಣಪ್ಪ.

ಮುಂದೆ ಗುರಾಣಿ ಬಂತು. ಅದೂ ತಟ್ಟೆಯಲ್ಲಿ ಕಮಲಾಕ್ಷಮ್ಮನವರಿಗೆ ಹೋಯಿತು. ಅವರು ಬಾಳೆಹಣ್ಣು ಸ್ವಲ್ಪ ಜಾಸ್ತಿಯೇ ಹಣ್ಣಾಗಿದೆ ಎಂದು ತಟ್ಟೆ ವಾಪಸು ಮಾಡಿ ಗುರಾಣಿ ಮಾತ್ರ ಇಟ್ಟುಕೊಂಡರು. ಮೂರನೆಯದು ಹಗ್ಗ. ಗುಹೆಯ ಒಳಗೊಂದು ಗುಂಡಿ ಇತ್ತು. ಅದರಲ್ಲಿ ಬಿದ್ದವರು ತಾವಾಗಿ ಏಳುವಂತಿಲ್ಲ. ಹೊರಗಿರುವವರು ಯಾರಾದರೂ ಹಗ್ಗ ಎಸೆಯಬೇಕು. ಎಸೆದವರಿಗೆ ಆ ಸರದಿಯ ದಾಳ ಇಲ್ಲ. ಇಡೀ ಆಟದಲ್ಲಿ ಹಗ್ಗ ಇದ್ದದ್ದು ಒಂದೇ. ಅಪ್ಪ ಅದನ್ನು ತಟ್ಟೆಯಲ್ಲಿಟ್ಟು, "ಇದು ಅಳಿಯಂದಿರಿಗೆ" ಎಂದು ಜಗನ್ನಾಥನಿಗೆ ಕೊಟ್ಟರು. ಇನ್ನೂ ಅಳಿಯನಾಗಿರಲಿಲ್ಲ, ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು.

"ಎಲ್ಲಾ ಕೊಟ್ಟು ನೀ ಏನ್ ಇಟ್ಕೊಂಡಿ ಗಂಗ್ಯಾ?" ಎಂದಳು ಅಜ್ಜಿ. "ಕೊಟ್ಟಾಂವ ಕೋಡಂಗಿ, ಇಸ್ಕೊಂಡಾಂವ ಈರಭದ್ರ."

"ಸುಮ್ನಿರವ್ವಾ" ಎಂದು ಅಪ್ಪ ಹುಸಿನಗೆ ನಕ್ಕರು.

ನಾನು ಮಾತ್ರ ಅಮ್ಮನ ಉಪದೇಶವನ್ನು ಅರ್ಧ ಮರೆತಿದ್ದೆ. ಕಳ್ಳ ಅಂದರೆ ಸುಮ್ಮನೆ ಅಲ್ಲ. ಅವನಿಗೆ ಕಾಡಿನಲ್ಲಿ ಒಳದಾರಿಗಳಿದ್ದವು. ನದಿಯ ಕೆಳಗೆ ನುಸುಳಿ, ಕಾಡಿನ ಬೆನ್ನಿಗೆ ಎದ್ದು, ನೋಡನೋಡುತ್ತಿದ್ದಂತೆ ಕೋಟೆಯ ಹತ್ತಿರ ಬಂದುಬಿಟ್ಟಿದ್ದೆ. ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗಿತ್ತು. ಜಗನ್ನಾಥ ತಲೆ ಬಗ್ಗಿಸಿ, ನನಗಷ್ಟೇ ಕೇಳುವ ಹಾಗೆ, "ಕಳ್ಳ ಭಾರೀ ಜೋರು ಕಣ್ರೀ" ಎಂದ. ನಾನು ಸೆರಗು ಸರಿಮಾಡಿಕೊಂಡೆ. ಅದು ಸರಿಯಾಗೇ ಇತ್ತು.

ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಅವನು ದಾಳ ಬಿಟ್ಟ ಮೇಲೆ ಕುದುರೆಯನ್ನು ಮುಟ್ಟುವ ಮೊದಲು ಅವರಪ್ಪನ ಕಡೆ ನೋಡುತ್ತಿದ್ದ. ಅವರು ಎಡಕ್ಕೆ ಗಲ್ಲ ತಿರುಗಿಸಿದರೆ ಕುದುರೆ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಅಪ್ಪನ ಮೇಲೆ ಗೌರವ, ಒಳ್ಳೆಯ ಗುಣ ಅಂದುಕೊಂಡೆ. ಮನಸ್ಸು ಮಾಡಿದ ಮೇಲೆ ಎಲ್ಲವೂ ಒಳ್ಳೆಯ ಗುಣವೇ.

ಆಗ ನನ್ನ ದಾಳ ಕೈಕೊಟ್ಟಿತು. ಕಳ್ಳ ಹೋಗಿ ಗುಹೆಯ ಗುಂಡಿಯಲ್ಲಿ ಬಿದ್ದ.

ಕಮಲಾಕ್ಷಮ್ಮ ಚಪ್ಪಾಳೆ ತಟ್ಟಿ, ಆಮೇಲೆ ಹೆಣ್ಣಿನ ಮನೆಯಲ್ಲಿ ಕೂತಿದ್ದೇವೆಂದು ನೆನಪಾಗಿ, "ಅಯ್ಯೋ ಪಾಪ" ಎಂದರು. ಅಜ್ಜಿ ದಾಳ ಬಿಟ್ಟಳು. ಡ್ರ್ಯಾಗನ್ ಗುಹೆಯ ಬಾಯಿಗೆ ಬಂತು. "ನಾ ಏನ್ ಮಾಡ್ಲಿ ಮಗಳ, ದಾಳ ಹೇಳ್ತೈತಿ" ಎಂದಳು. ಆಡುವಾಗ ಅಷ್ಟು ಹುರುಪಾಗಿದ್ದವಳ ಮುಖ ಈಗ ಬಾಡಿತ್ತು.

"ಹಗ್ಗ ಬೇಕಲ್ಲ" ಎಂದು ಅಪ್ಪ ತಮ್ಮ ಮುಂದೆ ಹುಡುಕಿದರು. ಅವರ ಮುಂದೆ ಒಂದು ಕುಳ್ಳ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ನೆನಪಾಗಿ ಜಗನ್ನಾಥನ ಕಡೆ ನೋಡಿ ಹಗುರಾದರು. "ಅಳಿಯಂದಿರ ಹತ್ರ ಇದೆಯಲ್ಲ!"

ಜಗನ್ನಾಥ ಹಗ್ಗದ ಕಾರ್ಡನ್ನು ಎತ್ತಿಕೊಂಡ. ನಿಜವಾಗಿ ಎತ್ತಿಕೊಂಡ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ನನ್ನ ಕಡೆ ಕೈ ಚಾಚಿದ. ಪ್ಲಾಸ್ಟಿಕ್ಕಿನ ಹೆಬ್ಬೆಟ್ಟಿನಷ್ಟು ಗೊಂಬೆ, ಒಂದು ರಟ್ಟಿನ ಚೂರು, ಅದಕ್ಕೆ ನನ್ನ ಕಣ್ಣಲ್ಲಿ ನೀರು ಬರುವಂತಾಗಿತ್ತು. ಆಗ ಅವನು ಅವರಪ್ಪನ ಕಡೆ ನೋಡಿದ.

"ನಿಧಿ ಎದುರಿಗೇ ಇದೆ ಕಣೋ" ಎಂದರು ರೇವಣಸಿದ್ದಪ್ಪನವರು. "ಈಗ ದಾಳ ಬಿಟ್ಟರೆ ನೀನೇ ಗೆಲ್ತೀಯ. ಅದೆಲ್ಲ ಆಮೇಲೆ ನೋಡ್ಕೊಳ್ಳೋಣ."

ಚಾಚಿದ್ದ ಕೈ ಹಿಂದಕ್ಕೆ ಹೋಯಿತು. ಕಾರ್ಡನ್ನು ಮಂಡಿಯ ಕೆಳಗೆ ಇಟ್ಟುಕೊಂಡು ದಾಳ ಬಿಟ್ಟ. ಕುದುರೆ ಕೋಟೆಯೊಳಗೆ ಹೋಯಿತು. ನಿಧಿ ಸಿಕ್ಕಿತು. ಕಮಲಾಕ್ಷಮ್ಮ ಈ ಸಲ ಸಂಕೋಚವಿಲ್ಲದೆ ಚಪ್ಪಾಳೆ ತಟ್ಟಿದರು, ಕೃಷ್ಣಪ್ಪನೂ ತಟ್ಟಿದ. ಅಪ್ಪನ ಕೈಗಳೂ ಅಭ್ಯಾಸಬಲದಿಂದ ಮೇಲೆದ್ದವು, ಆದರೆ ತಟ್ಟಲಿಲ್ಲ.

ಅಮ್ಮ ಒಳಗಿಂದ ಮೈಸೂರುಪಾಕಿನ ತಟ್ಟೆ ಹಿಡಿದು ಓಡಿ ಬಂದಳು. ರೇವಣಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡರು. "ನಮಗೆ ಹುಡುಗಿ ಒಪ್ಪಿಗೆ ಗಂಗಾಧರಯ್ಯನವರೇ. ಇಷ್ಟು ಮನೇಲಿ ಆಡಿದ್ದೀನಿ, ಇಂಥ ಹುಡುಗೀನ ನೋಡಲಿಲ್ಲ. ಚುರುಕಾಗಿದ್ದಾಳೆ, ಆದರೂ ಗೆಲ್ಲಲಿಲ್ಲ. ಗುಂಡೀಲಿ ಬಿದ್ದಳು, ಕಿರುಚಿಕೊಳ್ಳಲಿಲ್ಲ. ಒಂದು ಮಾತು ಆಡದೆ ಕೂತಿದ್ದಳು. ನಮ್ಮ ಮನೆಗೆ ಇಂಥ ಸೊಸೆನೇ ಬೇಕಾಗಿದ್ದದ್ದು."

ಅಮ್ಮನ ಕಣ್ಣು ತುಂಬಿತು. ಕೃಷ್ಣಪ್ಪ ಎರಡು ಮೈಸೂರುಪಾಕು ಒಟ್ಟಿಗೆ ಬಾಯಿಗೆ ಹಾಕಿಕೊಂಡ. ಆಸೆಪಟ್ಟು ದೇವರಲ್ಲಿ ಬೇಡಿಕೊಂಡಿದ್ದು ನನ್ನ ಮುಂದೆ ಬಂದು ಕೂತಿತ್ತು. ಸುಮ್ಮನಿದ್ದರೆ ಸಾಕಿತ್ತು.

"ಒಂದು ಮಾತು ಕೇಳಬಹುದಾ?" ಎಂದೆ.

ಅಮ್ಮ ಬೆನ್ನಿಗೆ ತಿವಿದಳು. ನಾನು ಜಗನ್ನಾಥನನ್ನೇ ನೋಡಿ ಕೇಳಿದೆ: "ಹಗ್ಗ ಯಾಕೆ ಎಸೀಲಿಲ್ಲ?"

"ಅವನು ಗೆಲ್ಲೋದರಲ್ಲಿ ಇದ್ದ ಕಣಮ್ಮಾ" ಎಂದರು ರೇವಣಸಿದ್ದಪ್ಪನವರು.

"ನಾನು ಅವರನ್ನ ಕೇಳಿದೆ ಮಾವಾ" ಎಂದೆ. ಮಾವ ಎಂದು ಬಾಯಿಗೆ ಬಂದೇಬಿಟ್ಟಿತು ನೋಡಿ, ಮನಸ್ಸು ಅಷ್ಟು ಮುಂದೆ ಹೋಗಿತ್ತು.

ಜಗನ್ನಾಥ ನನ್ನನ್ನು ನೋಡಿದ. ಅವರಪ್ಪನನ್ನು ನೋಡಿದ. ಅವನ ಹಣೆ ಬೆವರಿತ್ತು. ಏನಾದರೂ ಹೇಳಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ತಪ್ಪಾಯಿತು ಅನ್ನಲಿ, ಮರೆತೆ ಅನ್ನಲಿ, ಗೆಲ್ಲುವ ಆಸೆ ಇತ್ತು ಅನ್ನಲಿ, ನಾನು ಒಪ್ಪಿಕೊಳ್ಳುತ್ತಿದ್ದೆ. ನನಗೂ ಗೆಲ್ಲುವ ಆಸೆ ಇತ್ತಲ್ಲ.

"ಅಪ್ಪಾಜಿ ಬೇಡ ಅಂದ್ರಲ್ಲ" ಎಂದ.

ಪಾಪದ ಹುಡುಗ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಳೆ ನಾನು ಹೆರಿಗೆ ನೋವಿನಲ್ಲಿ ಕೂಗಿಕೊಂಡರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಾ ಎಂದು ಇವನು ನಡುಮನೆಗೆ ಹೋಗಿ ಕೇಳಿಕೊಂಡು ಬರುತ್ತಾನೆ.

"ನನಗೆ ಒಪ್ಪಿಗೆ ಇಲ್ಲ" ಎಂದೆ.

ಮೊದಲು ಸುಧಾರಿಸಿಕೊಂಡವರು ರೇವಣಸಿದ್ದಪ್ಪನವರೇ. "ಏನಮ್ಮಾ ಇದು! ಒಂದು ಆಟನ ಇಷ್ಟು ಸೀರಿಯಸ್ಸಾಗಿ ತಗೊಳ್ತಾರಾ?" ಎಂದರು.

"ಬರೀ ಆಟ ಅಲ್ಲ, ಜೀವನ ಅಂದೋರು ನೀವೇ."

"ಹೌದಲ್ರೀ" ಎಂದಳು ಅಜ್ಜಿ ಮೂಲೆಯಿಂದ. "ಅಂದ್ರಿ. ನಾನೂ ಕೇಳೀನಿ."

ರೇವಣಸಿದ್ದಪ್ಪನವರು ಗೊಂಬೆಗಳನ್ನು ಡಬ್ಬಕ್ಕೆ ತುಂಬಿದ ರಭಸಕ್ಕೆ ಮಂತ್ರವಾದಿಯ ಕೋಲು ಮುರಿಯಿತು. ಕಮಲಾಕ್ಷಮ್ಮ, "ಗಂಡುಬೀರಿ, ಬಚಾವಾದ್ವಿ" ಎಂದು ಗಟ್ಟಿಯಾಗೇ ಹೇಳಿ ಚಪ್ಪಲಿ ಹುಡುಕಿದರು. ಜಗನ್ನಾಥ ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದ. ಕಾರಿನ ಒಳಗಿಂದ ಅವನ ಹೆಸರು ಕೂಗಿದರು, ಹೋದ.

ಆಮೇಲೆ ಅಮ್ಮ ಆಡಿದ ಮಾತುಗಳನ್ನು ಬರೆಯುವುದಿಲ್ಲ. ಸಂಬಂಧ ಮನೆ ಬಾಗಿಲಿಗೆ ಬಂದಿತ್ತು, ಒದ್ದು ಕಳಿಸಿದೆ ಎಂದು ಹಣೆ ಚಚ್ಚಿಕೊಂಡಳು. ನಾನು ಒಲೆಯ ಮುಂದೆ ಕೂತು ಅತ್ತೆ. ಧೈರ್ಯವಾಗಿ ಬೇಡ ಎಂದವಳು ಅಳುತ್ತಾಳೆಯೇ ಅಂದರೆ, ಅಳುತ್ತಾಳೆ. ನನಗೆ ಅವನು ಬೇಕಾಗಿದ್ದ. ಅಜ್ಜಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು, ಬುದ್ಧಿ ಹೇಳಲಿಲ್ಲ. ಅಪ್ಪ ಜಮಖಾನೆ ಮಡಚಿಟ್ಟು, ದಿನಕ್ಕಿಂತ ಬೇಗ ಇಷ್ಟಲಿಂಗ ಪೂಜೆಗೆ ಕೂತರು. ನನ್ನ ಮೇಲೆ ಸಿಟ್ಟು ಎಂದೇ ತಿಳಿದುಕೊಂಡೆ.

ಮರುದಿನ ಸಂಜೆ ಕೃಷ್ಣಪ್ಪ ಬಂದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

"ಆಗಿದ್ದು ಆಗೋಯ್ತು ಸಾರ್" ಎಂದ. "ಅವರು ಆಗಲೇ ಎಲ್ಲರಿಗೂ ಹೇಳ್ತಾ ಇದಾರೆ, ಹುಡುಗಿ ಸರಿ ಇಲ್ಲ, ನಾವೇ ಬೇಡ ಅಂದ್ವಿ ಅಂತ. ನೀವೂ ಹೂಂ ಅಂದ್ಬಿಡಿ. ಗಂಡಿನ ಕಡೆಯೋರು ಬಿಟ್ಟರು ಅಂದ್ರೆ ಅದು ಮಾಮೂಲು, ಜಾತಕ ಅಂತಲೋ ಬಣ್ಣ ಅಂತಲೋ ಜನ ಅಂದ್ಕೊಳ್ತಾರೆ. ಹುಡುಗಿನೇ ಬೇಡ ಅಂದಳು ಅಂತ ಆದ್ರೆ ಕುರುಬರಹಳ್ಳಿಯಿಂದ ಕೆಂಗೇರಿವರೆಗೂ ನಮ್ಮ ಜನದಲ್ಲಿ ಒಬ್ಬರೂ ನಿಮ್ಮ ಗೇಟು ತೆಗೆಯಲ್ಲ."

ಅಮ್ಮ, "ಹಾಗೇ ಹೇಳ್ರೀ" ಎಂದು ಅಪ್ಪನನ್ನು ಬೇಡಿಕೊಂಡಳು. ಕೃಷ್ಣಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ನನಗೂ ಗೊತ್ತಿತ್ತು. ಅಪ್ಪ ಒಪ್ಪುತ್ತಾರೆ ಎಂದೂ ಗೊತ್ತಿತ್ತು. ಒಪ್ಪಿದರೆ ತಪ್ಪು ಅನ್ನುವುದಕ್ಕೆ ನನ್ನ ಹತ್ತಿರ ಬಲವೂ ಉಳಿದಿರಲಿಲ್ಲ.

ಅಪ್ಪ ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು.

"ಇಲ್ಲ ಕೃಷ್ಣಪ್ಪ" ಎಂದರು. "ಆ ಹಗ್ಗ ನನ್ನದು. ಮಗಳು ಗುಂಡೀಲಿ ಬಿದ್ದಾಗ ನನ್ನ ಕೈಲಿ ಇರಬೇಕಾಗಿತ್ತು. ತಟ್ಟೇಲಿಟ್ಟು ಕೊಟ್ಟುಬಿಟ್ಟಿದ್ದೆ."

"ಸಾರ್, ಅದು ರಟ್ಟಿನ ಕಾರ್ಡು..."

"ಬೇಡ ಅಂದಿದ್ದು ನಮ್ಮ ನೀಲಾ. ಹಾಗಂತಲೇ ಹೇಳು."

"ಯಾರೂ ಬರಲ್ಲ ಸಾರ್ ಆಮೇಲೆ."

"ಬರೋರು ಅದನ್ನ ತಿಳ್ಕೊಂಡೇ ಬರಲಿ" ಎಂದರು ಅಪ್ಪ.